ಪೆಟ್ಟಿಗೆ ನನ್ನದು, ಜೇನು?

ಬೈತಖೋಲದ ಮನೆಯಲ್ಲಿ ಹಲಸಿನ ಹಲಗೆ ಕೊಯ್ದು ನಾನೇ ಒಂದು ಜೇನುಪೆಟ್ಟಿಗೆ ಮಾಡಿದೆ. ತುಡುವೆ ಜೇನಿಗೆ ಹೊಂದುವ ಪೆಟ್ಟಿಗೆಯನ್ನು 1910ರ ದಶಕದಲ್ಲಿ ತಿರುಚಿನಾಪಳ್ಳಿ ಕಡೆ ನ್ಯೂಟನ್ ಪಾದ್ರಿ ರೂಪಿಸಿದ್ದರು; ಅದೇ ನನಗೂ ಮಾದರಿ. ಚೌಕಟ್ಟಿಗೂ ಗೋಡೆಗೂ ನಡುವೆ ನೊಣ ಓಡಾಡುವಷ್ಟೇ, ಹೆಚ್ಚುಕಡಿಮೆ 8 ಮಿಲಿಮೀಟರ್, ಸಂದಿ ಇರಬೇಕು. ನನ್ನದು 15 ಆಗಿತ್ತು. ಯಾರು ಅಳೆಯುತ್ತಾರೆ ಅಂದುಕೊಂಡೆ. ಜೇನು ಅಳೆಯಿತು. ಸಂದಿಯಲ್ಲೂ ಎರಿ ಕಟ್ಟಿ ಚೌಕಟ್ಟನ್ನು ಗೋಡೆಗೆ ಬೆಸೆದುಬಿಟ್ಟಿತು. ಎತ್ತಿ ನೋಡಹೋದಾಗ ಎರಿ ಹರಿದು ಮರಿಹುಳುಗಳು ಅಡಿಮಣೆಯ ಮೇಲೆ ಉದುರಿದವು.

ಕೊಟ್ಟಿಗೆಯ ದನವನ್ನು ಸಾಕಿದ್ದೇನೆ ಎನ್ನಬಹುದು, ಹಗ್ಗವಿದೆ. ತುಡುವೆಗೆ ಬೇಡವಾದರೆ ರಾಣಿಸಮೇತ ಎದ್ದುಹೋಗುತ್ತದೆ. ಹಾಗಾದರೆ ನಾನು ತೆಗೆಯುವ ತುಪ್ಪ ಬಾಡಿಗೆಯೋ, ಕಳವೋ? ಬಾಡಿಗೆ ಅನ್ನುವವರೇ ಹೆಚ್ಚು. ಇರಲಿ. ಆದರೆ ಬಾಡಿಗೆ ಕೇಳುವವನು ಮನೆಯನ್ನು ನೆಟ್ಟಗೆ ಕಟ್ಟಿರಬೇಕಲ್ಲ? ಹೂವಿಲ್ಲದ ನಮ್ಮ ಮಳೆಗಾಲಕ್ಕೆಂದು ಅವು ಕೂಡಿಟ್ಟದ್ದನ್ನು ಪೂರ್ತಿ ಹಿಂಡಿಕೊಂಡರೆ ಅದು ಯಾವ ಲೆಕ್ಕದ ಬಾಡಿಗೆ? 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಕರ್ನಾಟಕದ ತುಡುವೆ ಕುಟುಂಬಗಳನ್ನು ಬಹುಪಾಲು ಅಳಿಸಿಹಾಕಿತು. ಒಡೆಯರೆನಿಸಿಕೊಂಡವರ ಹಿತ್ತಲಲ್ಲಿ ಉಳಿದದ್ದು ಖಾಲಿ ಪೆಟ್ಟಿಗೆ.

ನನ್ನದೂ ಮೂರನೇ ದಿನ ಖಾಲಿಯಾಯಿತು, ರೋಗವಿಲ್ಲದೆಯೇ. ಈಗ ಇನ್ನೊಂದು ಮಾಡುತ್ತಿದ್ದೇನೆ. 8 ಮಿಲಿಮೀಟರ್ ದಪ್ಪದ ಪ್ಲೈವುಡ್ ಚೂರನ್ನು ಪ್ರತಿ ಸಂದಿಗೂ ತೂರಿಸಿ ನೋಡಿ, ಆಮೇಲೆ ಮೊಳೆ ಹೊಡೆಯುತ್ತೇನೆ.