ಶಿಲಾರೇಖೆ ಅಳಿಯಲಿ

ಕ್ರೋಧಕ್ಕೆ ಶಿಲಾರೇಖೆ, ಭೂರೇಖೆ, ಧೂಳಿರೇಖೆ, ಜಲರೇಖೆ ಎಂಬ ಉಪಮೆಗಳನ್ನು ಶ್ರೀ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವು ನೀಡಿದೆ. ಕಷಾಯಗಳ ವಾಸನಾಕಾಲವನ್ನೂ ಅದು ತಿಳಿಸುತ್ತದೆ: ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು, ಅದನ್ನೂ ಮೀರಿ ಭವಭವಗಳಲ್ಲಿ ಹಿಂಬಾಲಿಸುವುದೇ ಅನಂತಾನುಬಂಧಿ.

ಕಾಲದ ಈ ಭೇದವು ದೇಹಕ್ಕೂ ಇದೆಯೆಂಬುದನ್ನು ವೈದ್ಯಶಾಸ್ತ್ರವು ತೋರಿಸುತ್ತದೆ. ಸಿಟ್ಟು, ಭಯ, ಚಿಂತೆ ಉಂಟಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ಸ್ರವಿಸುತ್ತವೆ. ಎದೆಬಡಿತ, ರಕ್ತದೊತ್ತಡ, ರಕ್ತದ ಸಕ್ಕರೆ ಏರುತ್ತವೆ. ಬೇಗನೆ ಇಳಿದರೆ ಅದು ದೇಹಕ್ಕೆ ರಕ್ಷಣೆಯೇ. ಆದರೆ ವಸೂಲಾಗದ ಬಾಕಿ, ದಾಯಾದಿಗಳ ವ್ಯಾಜ್ಯ, ಎಂದೋ ಕೇಳಿದ ಕಟುನುಡಿ ಇವನ್ನು ಮನಸ್ಸು ದಿನವೂ ಮೆಲುಕು ಹಾಕುತ್ತಿದ್ದರೆ ಆ ಗ್ರಂಥಿಗಳಿಗೆ ಬಿಡುವಿಲ್ಲ. ವರ್ಷಗಳು ಕಳೆದಂತೆ ನಿದ್ರಾಹೀನತೆ, ಮರೆವು, ಖಿನ್ನತೆ, ಹೃದ್ರೋಗಗಳ ಸಂಭವ ಹೆಚ್ಚುತ್ತದೆ. ರೋಗನಿರೋಧಕ ಶಕ್ತಿ ಕುಂದುತ್ತದೆ.

ರೋಗಕ್ಕೆ ವೈದ್ಯರ ಔಷಧಿ ಬೇಕೇ ಬೇಕು. ಅದರೊಡನೆ ನಿತ್ಯ 48 ನಿಮಿಷಗಳ ಸಾಮಾಯಿಕವೂ ಇರಲಿ. ಅಂಗಡಿಯ ಬಾಕಿಗೆ ತಿಂಗಳು ಎಣಿಸುವ ಶ್ರಾವಕನು ತನ್ನ ವೈರಕ್ಕೂ ತಿಂಗಳು ಎಣಿಸಿ ನೋಡಲಿ. ಆರು ತುಂಬುವ ಮೊದಲೇ ಆ ಖಾತೆ ಮುಗಿಯಲಿ.

ದಶಲಕ್ಷಣ ಪರ್ವವು ಉತ್ತಮ ಕ್ಷಮೆಯಿಂದಲೇ ಆರಂಭವಾಗುತ್ತದೆ. ಮನೆಮಾತು ಕನ್ನಡವಾಗಲಿ, ಮರಾಠಿಯಾಗಲಿ, ಗುಜರಾತಿಯಾಗಲಿ, ಕ್ಷಮಾವಾಣಿಯ ದಿನ ಮಾತುಬಿಟ್ಟವರ ಮನೆಯ ಬಾಗಿಲಿಗೇ ಮೊದಲು ಹೋಗುವುದು ಶ್ರಾವಕಧರ್ಮ.

ಜೈನಂ ಜಯತು ಶಾಸನಂ.