ತೂತು ಬಿದ್ದ ಕೈಗವಸು

ಪುಷ್ಯಮಾಸದ ಚಳಿಯಲ್ಲಿ ಬೆಳಗ್ಗೆ ಬೇಗ ಎದ್ದು ತಣ್ಣೀರಿನಲ್ಲಿ ಪಾತ್ರೆ ತೊಳೆದವರಿಗೆ ಗೊತ್ತು, ಬೆರಳು ಮರಗಟ್ಟಿದ ಮೇಲೆ ಅಂಗಿಯ ಗುಂಡಿ ಹಾಕುವುದೂ ದೊಡ್ಡ ಕೆಲಸವೇ. ಕೈ ಇದೆ, ಬಲವೂ ಇದೆ, ಆದರೆ ಏನು ಹಿಡಿದಿದ್ದೇವೆ ಎಂಬುದೇ ತಿಳಿಯುವುದಿಲ್ಲ. ಒಲೆಯ ಮುಂದೆ ಸ್ವಲ್ಪ ಹೊತ್ತು ಕೂತರೆ ನಮ್ಮ ಕಷ್ಟ ತೀರುತ್ತದೆ. ಕಡಲ ತಳದಲ್ಲಿರುವವರಿಗೆ ಒಲೆ ಎಲ್ಲಿಂದ ಬರಬೇಕು? ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡಿ ಬಂದ ನಮ್ಮ ಮಕ್ಕಳಿಗೆ ಈ ಪ್ರಶ್ನೆ ಏಳುವುದಿಲ್ಲ, ಅಲ್ಲಿನ ನೀರು ಬೆಚ್ಚಗಿದೆ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳ ನಡುವೆ ಇರುವ ಸ್ಕಾಪಾ ಫ್ಲೋ ಎಂಬ ಕಡಲಿನಲ್ಲಿ ಹಾಗಲ್ಲ. ಮೊದಲ ಮಹಾಯುದ್ಧದ ಕೊನೆಗೆ ಅಲ್ಲಿ ಹಿಡಿದಿಟ್ಟಿದ್ದ ಜರ್ಮನ್ ಯುದ್ಧಹಡಗುಗಳನ್ನು, ಶತ್ರುಗಳ ಪಾಲಾಗದಿರಲಿ ಎಂದು, 1919ರ ಜೂನ್ 21ರಂದು ಅವುಗಳ ನಾವಿಕರೇ ಮುಳುಗಿಸಿದರು. ಅಂದು ತಳ ಸೇರಿದ 52 ಹಡಗುಗಳಲ್ಲಿ ಹೆಚ್ಚಿನವನ್ನು ಆಮೇಲೆ ಮೇಲೆತ್ತಿದರು, ಏಳು ದೊಡ್ಡ ಹಡಗುಗಳು ಇನ್ನೂ ಅಲ್ಲೇ ಇವೆ. ಅವನ್ನು ನೋಡಲು ಎಲ್ಲೆಲ್ಲಿಂದಲೋ ಡೈವರ್‌ಗಳು ಬರುತ್ತಾರೆ. ಚಳಿಗಾಲದಲ್ಲಿ ಆ ನೀರು ಆರೇಳು ಡಿಗ್ರಿಗೆ ಇಳಿಯುತ್ತದೆ, ಬೇಸಿಗೆಯಲ್ಲೂ 14ನ್ನು ದಾಟುವುದು ಅಪರೂಪ. ನೀರಾದರೋ ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಹೀರಿಕೊಳ್ಳುವಂಥದ್ದು.

ಅದಕ್ಕಾಗಿ ಅವರಲ್ಲಿ ಹಲವರು ಮೈಗೆ ನೀರು ಸೋಕದ ಡ್ರೈ ಸೂಟ್, ಕೈಗೆ ಡ್ರೈ ಗ್ಲೋವ್ ತೊಡುತ್ತಾರೆ. ಹೊರಗೆ ರಬ್ಬರು ಅಥವಾ ಪಿವಿಸಿಯ ಕೈಗವಸು, ಒಳಗೆ ಉಣ್ಣೆಯದು. ಮಣಿಕಟ್ಟಿನಲ್ಲಿ ಒಂದು ಗಟ್ಟಿ ಬಳೆ, ಅದು ಸೂಟಿನ ತೋಳಿನ ಬಳೆಗೆ ಕಚ್ಚಿಕೊಂಡು ಕೂರುತ್ತದೆ. ಆಳಕ್ಕೆ ಇಳಿದಂತೆಲ್ಲ ಒತ್ತಡ ಒಳಗಿನ ಗಾಳಿಯನ್ನು ಹಿಂಡುತ್ತದೆ, 10 ಮೀಟರ್ ಹೋಗುವಷ್ಟರಲ್ಲಿ ಆ ಗಾಳಿ ಅರ್ಧಕ್ಕೆ ಕುಗ್ಗಿರುತ್ತದೆ. ಗಾಳಿ ಉಳಿಯದಿದ್ದರೆ ಉಣ್ಣೆಗೆ ಬೆಚ್ಚಗಿಡುವ ಶಕ್ತಿಯಿಲ್ಲ. ಆದ್ದರಿಂದ ಮಣಿಕಟ್ಟಿನ ಬಿಗಿಯಾದ ಪಟ್ಟಿಯ ಅಡಿಗೆ ಒಂದು ಸಣ್ಣ ಕೊಳವೆಯನ್ನೋ ದಾರವನ್ನೋ ತೂರಿಸಿ, ಸೂಟಿನ ಗಾಳಿ ಬೆರಳಿನವರೆಗೂ ಹೋಗುವಂತೆ ಮಾಡಿಕೊಳ್ಳುತ್ತಾರೆ. ಜಾಣ ಉಪಾಯ. ಆದರೆ ಗಾಳಿ ಬರುವ ದಾರಿಯಲ್ಲಿ ನೀರೂ ಹೋಗಬಲ್ಲದು. ನೂರು ವರ್ಷ ತುಕ್ಕು ತಿಂದ ಕಬ್ಬಿಣದ ಅಂಚು ಕಿರುಬೆರಳಿಗೆ ತಾಗಿ ಸೂಜಿಮೊನೆಯಷ್ಟು ತೂತಾದರೆ ಸಾಕು, ಮೊದಲು ಉಣ್ಣೆ ನೆನೆಯುತ್ತದೆ, ಆಮೇಲೆ ನೀರು ಅದೇ ಸಂದಿನಿಂದ ತೋಳಿಗೆ ಇಳಿಯುತ್ತದೆ.

ದಡಕ್ಕೆ ಬಂದ ಮೇಲೆ ತೂತು ಹುಡುಕುವ ಕೆಲಸ. ಕೈಗವಸನ್ನು ಸಿಹಿನೀರಿನಲ್ಲಿ ಜಾಲಿಸಿ ಉಪ್ಪು ತೆಗೆದು, ಬಾಯಿಂದ ಗಾಳಿ ಊದಿ, ತೆರೆದ ತುದಿಯನ್ನು ತಿರುಚಿ ಹಿಡಿದು ಸೋಪುನೀರಿನ ಬಕೆಟ್ಟಿನಲ್ಲಿ ಅದುಮಬೇಕು. ನಮ್ಮ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹುಡುಕುವ ಕ್ರಮವೇ ಇದು. ಆತುರಪಟ್ಟರೆ ಇಲ್ಲಿ ಮೋಸಹೋಗುತ್ತೇವೆ, ಏಕೆಂದರೆ ಬೆರಳಸಂದಿಯಲ್ಲಿ ಸುಮ್ಮನೆ ಅಂಟಿಕೊಂಡ ಗುಳ್ಳೆಗಳೂ ತೂತಿನಿಂದ ಬಂದವುಗಳಂತೆಯೇ ಕಾಣುತ್ತವೆ. ಅವನ್ನು ಒಮ್ಮೆ ಸವರಿ ತೆಗೆದು ಕಾಯಬೇಕು. ಅದೇ ಜಾಗದಿಂದ ಮತ್ತೊಂದು, ಅದರ ಬೆನ್ನಿಗೇ ಇನ್ನೊಂದು ಎದ್ದರೆ ಅದೇ ತೂತು. ಕೂಡಲೇ ಒರೆಸಿ, ಅಳಿಸಿಹೋಗದ ಪೆನ್ನಿನಿಂದ ಅದರ ಸುತ್ತ ಗೆರೆ ಎಳೆಯಬೇಕು, ಒಣಗಿದ ಮೇಲೆ ತೂತು ಕಣ್ಣಿಗೆ ಬೀಳುವುದಿಲ್ಲ. ಒಂದು ಸಿಕ್ಕಿತೆಂದು ನಿಲ್ಲಿಸದೆ ಐದೂ ಬೆರಳು ನೋಡಬೇಕು. ಒಳಗೂ ಹೊರಗೂ ಪೂರ್ತಿ ಒಣಗಿಸಿ, ಬೆರಳಿನೊಳಗೆ ಒಂದು ಕಡ್ಡಿ ತೂರಿಸಿ, ತೂತಿನ ಸುತ್ತ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ ಯುರೆಥೇನ್ ಅಂಟನ್ನು ತೆಳುವಾಗಿ ಬಳಿಯುತ್ತಾರೆ. ಕೈಗವಸು ಲ್ಯಾಟೆಕ್ಸ್‌ನದಾಗಿದ್ದರೆ ಸೈಕಲ್ ಟ್ಯೂಬಿನ ಪ್ಯಾಚು, ಸಲ್ಯೂಷನ್ನು ಆಗುತ್ತದೆ. ಮುಗಿದ ಮೇಲೆ ಒಂದು ಹಗಲು ಒಂದು ರಾತ್ರಿ ಮುಟ್ಟಬಾರದು. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಿನ ಗೌರವ ಈ ಕಾಯುವುದರ ಮೇಲೆ. ಮೇಲೆ ಒಣಗಿದಂತೆ ಕಂಡರೂ ಅಂಟು ಒಳಗೆ ಹಸಿಯಾಗಿಯೇ ಇರುತ್ತದೆ, ಮರುದಿನ ಇಳಿಯುವ ಆಸೆಯನ್ನು ಬಿಟ್ಟವರ ಕೈಗವಸೇ ಗಟ್ಟಿ. ಕಾದಾದ ಮೇಲೆ ಮತ್ತೊಮ್ಮೆ ಬಕೆಟ್ಟಿಗೆ ಹಾಕಿ ನೋಡದೆ ತೊಡುವುದಿಲ್ಲ.

ಇಷ್ಟು ಶ್ರದ್ಧೆ ತನ್ನ ಬೆರಳು ಬೆಚ್ಚಗಿರಲೆಂದೇ? ಸ್ಕೂಬಾದಲ್ಲಿ ಸಾಮಾನ್ಯವಾಗಿ ಜೋಡಿಯಾಗಿಯೇ ಇಳಿಯುತ್ತಾರೆ. ಒಬ್ಬರಿಗೆ ಉಸಿರಾಡುವ ಗಾಳಿ ಮುಗಿದರೆ ಮತ್ತೊಬ್ಬರು ತಮ್ಮ ಇನ್ನೊಂದು ರೆಗ್ಯುಲೇಟರನ್ನು ಅವರ ಕೈಗೆ ಕೊಡಬೇಕು, ಸೂಟಿನ ವಾಲ್ವ್ ಒತ್ತಬೇಕು, ಸಿಕ್ಕಿಕೊಂಡ ಬಕಲ್ ಬಿಡಿಸಬೇಕು. ಎಲ್ಲವೂ ಬೆರಳಿನ ಕೆಲಸ. ಎರಡನೆಯ ಕೈಗವಸಿನ ಬಳೆ ಕೂರಿಸಲೂ ಹಲವೊಮ್ಮೆ ಜೊತೆಗಾರರ ಕೈಯೇ ಬೇಕಾಗುತ್ತದೆ. ಬಕೆಟ್ಟಿನ ಮುಂದೆ ಕೂತು ಗುಳ್ಳೆ ಎಣಿಸುವವರು ತಿದ್ದುತ್ತಿರುವುದು ಇನ್ನೊಬ್ಬರ ಆಪತ್ಕಾಲಕ್ಕೆ ಬೇಕಾಗುವ ಸಲಕರಣೆಯನ್ನು. ಪರೋಪಕಾರ ಎಂದೊಡನೆ ನಮಗೆ ದಾನ, ಅನ್ನಸಂತರ್ಪಣೆ ನೆನಪಾಗುತ್ತವೆ. ನಮ್ಮ ಸಾಮಾನನ್ನು ನಾವು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದೂ ಆ ಲೆಕ್ಕಕ್ಕೇ ಸೇರಬೇಕು ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ತೇಪೆ ಹಾಕಬಾರದ ವೇಳೆಯನ್ನು ತಿಳಿಯುವುದೂ ಇದೇ ಶ್ರದ್ಧೆಯ ಭಾಗ. ಎಳೆದು ನೋಡಿದಾಗ ರಬ್ಬರಿನ ಮೇಲೆ ಸಣ್ಣ ಸಣ್ಣ ಬಿರುಕು ಕಂಡರೆ, ಮುಟ್ಟಿದರೆ ಅಂಟಂಟಾದರೆ, ಅದಕ್ಕೆ ವಯಸ್ಸಾಯಿತು. ಆಗ ಬಳೆಯನ್ನು ಉಳಿಸಿಕೊಂಡು ಹೊಸ ಕೈಗವಸು ಹಾಕಿಕೊಳ್ಳುತ್ತಾರೆ. ನಮ್ಮ ಅಡುಗೆಮನೆಯ ಗ್ಯಾಸ್ ಟ್ಯೂಬಂತೂ ತೇಪೆಗೆ ಒಗ್ಗುವ ವಸ್ತುವೇ ಅಲ್ಲ. ಅದಕ್ಕೆ ಟೇಪು ಸುತ್ತಬಾರದು, ಬಿರುಕು ಕಂಡ ಕೂಡಲೇ ಬದಲಾಯಿಸಬೇಕು, ಬಿರುಕು ಕಾಣದಿದ್ದರೂ ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಆ ಒಲೆ ಹಚ್ಚುವವರು ನಾವೇ ಆಗಿರಬೇಕೆಂದಿಲ್ಲ. ಅತ್ತೆಯವರಿರಬಹುದು, ಅಡುಗೆಗೆ ಬರುವ ಅಕ್ಕ ಇರಬಹುದು, ರಜೆಗೆ ಬಂದು ಚಹಾ ಕಾಯಿಸುವ ಅಣ್ಣನ ಮಗಳಿರಬಹುದು. ಟ್ಯೂಬು ಎಂದಿನದು ಎಂಬುದನ್ನು ಅದರ ಮೈಮೇಲೆಯೇ ಅಚ್ಚು ಹಾಕಿರುತ್ತಾರೆ. ಓದಲು ಸ್ಟೌವಿನ ಕಟ್ಟೆಯ ಕೆಳಗೆ ಸ್ವಲ್ಪ ಬಗ್ಗಬೇಕಾಗುತ್ತದೆ, ಕೈಯಲ್ಲಿ ಟಾರ್ಚ್ ಇದ್ದರೆ ಅನುಕೂಲ.