ಮದ್ದಿನ ವಿದ್ಯೆ: ಆಯ್ಕೆಯೋ, ಉಳಿಕೆಯೋ?

ಪ್ರತಿವರ್ಷವೂ ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದ ಮೇಲೆ ನಮ್ಮ ಗಡಿನಾಡಿನ ಮನೆಗಳಲ್ಲಿ ಒಂದು ಲೆಕ್ಕಾಚಾರ ಆರಂಭವಾಗುತ್ತದೆ. ಅದಕ್ಕೊಂದು ಏಣಿಯಿದೆ. ಮೇಲಿನ ಮೆಟ್ಟಿಲು ವೈದ್ಯವಿದ್ಯೆ. ಅದು ದೊರೆಯದಿದ್ದರೆ ದಂತವೈದ್ಯ. ಅದೂ ಆಗದಿದ್ದರೆ ಆಯುರ್ವೇದ. ಅಲ್ಲಿಂದ ಕೆಳಗಿಳಿದು ಎಲ್ಲವೂ ತಪ್ಪಿದ ಮೇಲೆ ಯಾರೋ ಒಬ್ಬರು, "ಹಾಗಾದರೆ ಫಾರ್ಮಸಿಗಾದರೂ ಸೇರಿಸಿ" ಎನ್ನುತ್ತಾರೆ. ಆ 'ಆದರೂ' ಎಂಬ ಮಾತನ್ನು ಕುರಿತೇ ನಾವು ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ಮೊದಲು ಬಯಸಿದ್ದು ಕೈತಪ್ಪಿದುದರಿಂದ ಕೈಗೆ ಬಂದುದನ್ನು ಆಯ್ಕೆ ಎನ್ನಬಹುದೇ? ಬಯಸದೆ ಹಿಡಿದ ಕೆಲಸವನ್ನು, ಅದೂ ಪರರ ಪ್ರಾಣಕ್ಕೆ ಸಂಬಂಧಿಸಿದ ಕೆಲಸವನ್ನು, ಹಿಡಿಯುವ ಹಕ್ಕು ನಮಗಿದೆಯೇ?

ಇಷ್ಟವಿಲ್ಲದ ವಿದ್ಯೆಗೆ ಸೇರಲೇಬಾರದೆಂದು ಈಗ ಬಹು ಜನ ಹೇಳುತ್ತಾರೆ. ಕೇಳುವುದಕ್ಕೆ ಈ ಮಾತು ಸೊಗಸಾಗಿದೆ. ಆದರೆ ಹದಿನೇಳು ವರ್ಷದ ಹುಡುಗನಿಗೆ ತನ್ನ ಇಷ್ಟ ಯಾವುದೆಂದು ತಿಳಿದಿರುವುದಾದರೂ ಹೇಗೆ? ಕುಂಬಳೆಯ ಕಡೆಯ ಅಡಕೆತೋಟದ ಮನೆಯ ಹುಡುಗಿ ಕಂಡಿರುವುದು ಪೇಟೆಯ ಮದ್ದಿನಂಗಡಿಯ ಗಾಜಿನ ಕಪಾಟನ್ನು ಮಾತ್ರ. ಅದರ ಹಿಂದಿನ ಶಾಸ್ತ್ರವನ್ನಲ್ಲ. ನಮ್ಮ ಹಿರಿಯರಲ್ಲಿ ತೋಟವನ್ನು ಆರಿಸಿಕೊಂಡವರು ಎಷ್ಟು ಮಂದಿ? ತೋಟ ಅವರ ಪಾಲಿಗೆ ಬಂತು. ಬಂದ ಮೇಲೆ ಅದರ ಮಣ್ಣು, ನೀರು, ಕೊಳೆರೋಗಗಳನ್ನು ಅರಿತರು. ಅರಿತ ಮೇಲೆ ಪ್ರೀತಿ ಹುಟ್ಟಿತು. ಅರ್ಜಿಯಲ್ಲಿ ಗುರುತು ಹಾಕುವ ಒಂದು ದಿನದ ಕಾರ್ಯವಷ್ಟೇ ಆಯ್ಕೆಯಾದರೆ ಇವರಾರೂ ಏನನ್ನೂ ಆಯ್ದವರಲ್ಲ ಎಂದಾಗುತ್ತದೆ. ಉಳಿದದ್ದೂ ಆಯ್ದದ್ದಾಗಬಹುದೆಂಬುದು ನಮ್ಮ ಮತ. ಆದರೆ ತಾನಾಗಿ ಆಗುವುದಿಲ್ಲ. ಕೈಗೆ ಬಂದುದರಲ್ಲಿ ಏನು ಅಡಗಿದೆ, ಅದು ನಮ್ಮಿಂದ ಏನನ್ನು ಕೇಳುತ್ತದೆ ಎಂದು ತಿಳಿದು 'ಆಗಲಿ' ಎಂದಾಗ ಮಾತ್ರ ಆಗುತ್ತದೆ.

ಹಾಗಾದರೆ ಏನು ಅಡಗಿದೆ? ನಮ್ಮ ಕನ್ನಡದ 'ಮದ್ದು' ಎಂಬ ಶಬ್ದವನ್ನೇ ನೋಡಿ. ಜ್ವರಕ್ಕೆ ಕೊಡುವುದು ಮದ್ದು; ತುಪಾಕಿಗೆ ತುಂಬುವುದೂ ಮದ್ದು. 'ಮದ್ದು ಹಾಕಿದರು' ಎಂದರೆ ಹಳ್ಳಿಯಲ್ಲಿ ವಿಷವಿಕ್ಕಿದರೆಂದೇ ಅರ್ಥ. ಗುಣಪಡಿಸುವುದೂ ಕೊಲ್ಲುವುದೂ ಒಂದೇ ವಸ್ತುವಿನ ಎರಡು ಮುಖಗಳೆಂಬುದನ್ನು ನಮ್ಮ ಜನ ಯಾವ ಕಾಲೇಜಿಗೂ ಹೋಗದೆ ಕಂಡುಕೊಂಡಿದ್ದರು. ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಇವುಗಳಲ್ಲಿ ಮೂವರು ಮನುಷ್ಯರು. ಒಂದು ಮಾತ್ರ ವಸ್ತು. ವಸ್ತುವಿಗೆ ಬಾಯಿಯಿಲ್ಲ, 'ನಾನು ಕೆಟ್ಟಿದ್ದೇನೆ, ನನ್ನನ್ನು ಕೊಡಬೇಡಿ' ಎಂದು ಅದು ಹೇಳಲಾರದು. ಆ ಮೂಕ ಪಾದದ ಪರವಾಗಿ ಮಾತನಾಡತಕ್ಕವನೇ ಔಷಧಜ್ಞ.

ಹಿಂದೆ ಈ ಕೆಲಸವನ್ನು ವೈದ್ಯನೇ ಮಾಡುತ್ತಿದ್ದನಲ್ಲವೇ ಎಂದು ಕೇಳಬಹುದು. ಹೌದು. ಹದಿಮೂರನೆಯ ಶತಮಾನದಲ್ಲಿ ಸಿಸಿಲಿಯನ್ನಾಳಿದ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಶಾಸನ ಮಾಡಿ ವೈದ್ಯವೃತ್ತಿಯನ್ನೂ ಔಷಧವೃತ್ತಿಯನ್ನೂ ಬೇರ್ಪಡಿಸಿದನು. ವೈದ್ಯನು ಔಷಧದಂಗಡಿಯವನೊಡನೆ ವ್ಯಾಪಾರದ ಪಾಲುಗಾರಿಕೆ ಇಟ್ಟುಕೊಳ್ಳಕೂಡದೆಂದನು. ಬರೆಯುವವನಿಗೆ ಮಾರಾಟದ ಲಾಭವಿದ್ದರೆ ಬರೆವಣಿಗೆ ವಕ್ರವಾದೀತೆಂಬುದು ಇದರ ಒಳಗುಟ್ಟು. ಇನ್ನೊಂದು ಪ್ರಯೋಜನವೂ ಇದರಿಂದ ಆಯಿತು. ಒಬ್ಬನು ಬರೆದುದನ್ನು ಕೊಡುವ ಮುಂಚೆ ಇನ್ನೊಬ್ಬನು ನೋಡುವಂತಾಯಿತು. ಏಣಿಯಲ್ಲಿ ವೈದ್ಯನಿಗಿಂತ ಕೆಳಗಿನ ಮೆಟ್ಟಿಲೆಂದು ನಾವು ಎಣಿಸಿರುವುದು ನಿಜವಾಗಿ ಎರಡನೆಯ ಕಣ್ಣು. ಎರಡನೆಯ ಕಣ್ಣನ್ನು ಎರಡನೆಯ ದರ್ಜೆಯದೆಂದು ಯಾರೂ ಕಿತ್ತು ಎಸೆಯುವುದಿಲ್ಲವಷ್ಟೆ?

ನಮ್ಮ ದೇಶದಲ್ಲಿ ಈ ಕಣ್ಣು ತೆರೆದದ್ದು ತಡವಾಗಿ. ಕರ್ನಲ್ ಚೋಪ್ರಾ ಅವರ ಅಧ್ಯಕ್ಷತೆಯ ಸಮಿತಿ 1930-31ರಲ್ಲಿ ಔಷಧಗಳ ಕಲಬೆರಕೆಯನ್ನೂ ಮಾರುವವರ ಅಶಿಕ್ಷಿತ ಸ್ಥಿತಿಯನ್ನೂ ಪರಿಶೀಲಿಸಿತು. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಮಹಾದೇವಲಾಲ್ ಶ್ರಾಫರು 1932ರಲ್ಲಿ ಈ ವಿದ್ಯೆಯ ಪಾಠವನ್ನು ಆರಂಭಿಸಿದರು. 1940ರಲ್ಲಿ ಔಷಧಗಳ ಕಾಯಿದೆ, 1948ರಲ್ಲಿ ಫಾರ್ಮಸಿ ಕಾಯಿದೆ ಬಂದವು. ಕನ್ನಡಿಗರಿಗೆ ಕೈಗೆಟಕುವ ಮಣಿಪಾಲದ ಕಾಲೇಜು 1963ರದು, ಉದಕಮಂಡಲದ್ದು 1980ರದು. ಇಂದು ಎರಡು ವರ್ಷದ ಡಿಪ್ಲೊಮಾ, ನಾಲ್ಕು ವರ್ಷದ ಬಿ.ಫಾರ್ಮ, 2008ರಿಂದೀಚೆಗೆ ಆರು ವರ್ಷದ ಫಾರ್ಮ.ಡಿ. ಎಂದು ಮೂರು ದಾರಿಗಳಿವೆ.

ಈ ವಿದ್ಯೆಯ ಗುರುತ್ವವನ್ನು ತೋರಿಸಲು ಒಂದೇ ಒಂದು ವಸ್ತುವಿನ ಕಥೆ ಸಾಕು. ಅದರ ಹೆಸರು ಡೈಎಥಿಲೀನ್ ಗ್ಲೈಕಾಲ್. ನೋಡಲು ಗ್ಲಿಸರಿನ್ನಿನಂತೆ, ರುಚಿಯೂ ಸಿಹಿ, ಹೊಟ್ಟೆಗೆ ಹೋದರೆ ಮೂತ್ರಪಿಂಡವನ್ನು ಕೆಡಿಸುತ್ತದೆ. 1937ರಲ್ಲಿ ಅಮೇರಿಕೆಯ ಒಂದು ಕಂಪೆನಿ ಸಲ್ಫಾ ಮದ್ದನ್ನು ಇದರಲ್ಲಿ ಕರಗಿಸಿ ಮಾರಿತು. ಮಾರುವ ಮೊದಲು ಅವರು ಪರೀಕ್ಷಿಸಿದ್ದು ಬಣ್ಣ, ಪರಿಮಳ, ರುಚಿಗಳನ್ನಷ್ಟೆ. ನೂರಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿಗೆ ಮುಗಿಯಿತೇ? 1986ರಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಇದೇ ವಿಷ ಬೆರೆತ ಗ್ಲಿಸರಿನ್ನಿನಿಂದ 14 ಮಂದಿ. 2022ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ ನಮ್ಮ ದೇಶದಿಂದ ಹೋದ ಕೆಮ್ಮಿನ ಸಿರಪ್ಪುಗಳಲ್ಲಿ ಇದು ಕಂಡುಬಂದು, ಅರುವತ್ತಕ್ಕೂ ಹೆಚ್ಚು ಮಕ್ಕಳ ಸಾವಿನೊಂದಿಗೆ ಅವುಗಳ ಹೆಸರು ಸೇರಿತು. 2025ರಲ್ಲಿ ಮಧ್ಯಪ್ರದೇಶದಲ್ಲಿ ಮತ್ತೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಸುಮಾರು ತೊಂಬತ್ತು ವರ್ಷಗಳಿಂದ ವಿಷ ತಿಳಿದಿದೆ, ಅದನ್ನು ಕಂಡುಹಿಡಿಯುವ ವಿಧಾನವೂ ತಿಳಿದಿದೆ. ಪೀಪಾಯಿಯ ಮೇಲಿನ ಚೀಟಿಯನ್ನು ನಂಬಿ ಒಳಗಿನದನ್ನು ಪರೀಕ್ಷಿಸದೆ ಬಿಟ್ಟವನೊಬ್ಬನು ಇಂಥ ಕಥೆಗಳಲ್ಲಿ ಎಲ್ಲಿಯೋ ಒಂದು ಕಡೆ ಇದ್ದೇ ಇರುತ್ತಾನೆ. 1937ರ ಆ ಮರಣಗಳ ಕಾರಣವನ್ನು ಶೋಧಿಸಿದ ಶಿಕಾಗೋದ ಪ್ರಯೋಗಶಾಲೆಯಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ವಿದ್ಯಾರ್ಥಿನಿಯೊಬ್ಬಳಿದ್ದಳು. 1960ರಲ್ಲಿ ಥಾಲಿಡೊಮೈಡ್ ಎಂಬ ಮಾತ್ರೆಗೆ ಅಮೇರಿಕೆಯಲ್ಲಿ ಅನುಮತಿ ಕೇಳಿ ಬಂದ ಅರ್ಜಿಯನ್ನು, ಸಾಕ್ಷ್ಯ ಸಾಲದೆಂದು, ಮೇಲಿಂದ ಮೇಲೆ ಒತ್ತಾಯ ಬಂದರೂ ತಡೆಹಿಡಿದವಳು ಅವಳೇ. ಜರ್ಮನಿ ಮೊದಲಾದೆಡೆ ಆ ಮಾತ್ರೆಯಿಂದ ಸಾವಿರಾರು ಮಕ್ಕಳು ಅಂಗವಿಕಲರಾಗಿ ಹುಟ್ಟಿದರು.

ಇನ್ನು ಪ್ರವೇಶ ಪರೀಕ್ಷೆಯ ಮಾತು. ಕೇರಳದಲ್ಲಿ 2024ರಿಂದ ಈ ಪರೀಕ್ಷೆ ಕಂಪ್ಯೂಟರಿನ ಮುಂದೆ ನಡೆಯುತ್ತದೆ. ಔಷಧ ಪದವಿಗೆ ಭೌತ, ರಸಾಯನ ಎರಡೇ ವಿಷಯಗಳು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಳೆಯುತ್ತಾರೆ. ಕರ್ನಾಟಕದ ಪರೀಕ್ಷೆಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡು. ಅಲ್ಲಿ ತಪ್ಪಿಗೆ ಕಳೆಯುವುದಿಲ್ಲ. ಆಂಧ್ರದ ಪರೀಕ್ಷೆಯ ಹೆಸರಿನಲ್ಲಿ 2021ರಿಂದ ವೈದ್ಯದ ಅಕ್ಷರ ಹೋಗಿ ಔಷಧದ ಅಕ್ಷರವೇ ಬಂದು ಕುಳಿತಿದೆ. ನಮ್ಮ ಏಣಿಯ ಲೆಕ್ಕದವರು ಇದನ್ನು ಗಮನಿಸಿದಂತಿಲ್ಲ.

ಕೇರಳ, ಕರ್ನಾಟಕಗಳ ನಿಯಮಗಳಲ್ಲಿರುವ ಸಣ್ಣ ವ್ಯತ್ಯಾಸದಲ್ಲಿ ಒಂದು ದೊಡ್ಡ ನೀತಿಪ್ರಶ್ನೆ ಅಡಗಿದೆ. ತಪ್ಪಿಗೆ ದಂಡವಿಲ್ಲದಲ್ಲಿ ತಿಳಿಯದ ಪ್ರಶ್ನೆಗೂ ಏನಾದರೊಂದು ಗುರುತು ಹಾಕಿ ಬರುವುದೇ ಜಾಣತನ. ನಾವೂ ಹಾಗೆಯೇ ಹೇಳಿಕೊಡುತ್ತೇವೆ. ನಿಯಮವೇ ಅವಕಾಶ ಕೊಟ್ಟಿರುವಾಗ ಅದು ಪಾಪವಲ್ಲ. ಆದರೆ ಊಹೆಯನ್ನು ಎರಡು ವರ್ಷ ಅಭ್ಯಾಸ ಮಾಡಿದವನ ಕೈಗೆ ನಾಳೆ ವೈದ್ಯರ ಅಸ್ಪಷ್ಟ ಅಕ್ಷರದ ಚೀಟಿ ಬಂದಾಗ ಅವನೇನು ಮಾಡುತ್ತಾನೆ? ಅಮೇರಿಕೆಯಲ್ಲಿ 'ಲೊಸೆಕ್' ಎಂಬ ಹೊಟ್ಟೆಯ ಆಮ್ಲದ ಮದ್ದನ್ನೂ 'ಲೇಸಿಕ್ಸ್' ಎಂಬ ಮೂತ್ರ ಹರಿಸುವ ಮದ್ದನ್ನೂ ಬರೆಹದಲ್ಲಿ ಒಂದಕ್ಕೊಂದು ತಪ್ಪಾಗಿ ತಿಳಿದು ಆದ ಅನಾಹುತಗಳ ಕಾರಣ 1990ರಲ್ಲಿ ಮೊದಲಿನದರ ಹೆಸರನ್ನೇ ಬದಲಾಯಿಸಬೇಕಾಯಿತು. ಅಲ್ಲಿ ಊಹಿಸಿದವರಾರೂ ಕೆಟ್ಟವರಲ್ಲ. ಬೇಗನೆ ಉತ್ತರ ಕೊಡುವವರು, ಅಷ್ಟೆ. ಆದುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಹಳೆಯ ಪ್ರಶ್ನಪತ್ರಿಕೆಗಳನ್ನು ಬಿಡಿಸುವಾಗ ಊಹಿಸಿ ಹಾಕಿದ ಉತ್ತರದ ಪಕ್ಕದಲ್ಲಿ ಪೆನ್ಸಿಲಿನ ಚುಕ್ಕೆಯೊಂದನ್ನಿಡಿ. ಸರಿಯಾಗಿದ್ದರೂ ಅದನ್ನು ನಿಮ್ಮ ಅಂಕದಲ್ಲಿ ಸೇರಿಸಬೇಡಿ. ಆ ಪಾಠಕ್ಕೆ ಮರಳಿ ಹೋಗಿ. ಪರೀಕ್ಷಾಧಿಕಾರಿಗೆ ಆ ಚುಕ್ಕೆ ಕಾಣಬೇಕಾಗಿಲ್ಲ. ತಿಳಿದದ್ದು ಯಾವುದು, ತಿಳಿದಂತೆ ತೋರಿದ್ದು ಯಾವುದು ಎಂದು ಬೇರ್ಪಡಿಸುವ ಈ ಅಭ್ಯಾಸ ಅಂಕವನ್ನೂ ಹೆಚ್ಚಿಸುವುದೆಂಬುದು ನಮ್ಮ ಅನುಭವ. ಆದರೆ ನಾವಿದನ್ನು ಹೇಳುತ್ತಿರುವುದು ಅಂಕಕ್ಕಾಗಿ ಅಲ್ಲ.

ರಸಾಯನಶಾಸ್ತ್ರವನ್ನು ಕನ್ನಡದಲ್ಲಿ ಕಲಿತು ಮುಂದೆ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯಬೇಕಾದವರ ಕಷ್ಟ ಸಣ್ಣದಲ್ಲ. 'ಆಮ್ಲ', 'ಪ್ರತ್ಯಾಮ್ಲ', 'ಸಮತೋಲ' ಎಂದು ಅರ್ಥವಾಗಿದ್ದುದು ಹೊಸ ಹೆಸರಿನಲ್ಲಿ ಎದುರಾದಾಗ ಗುರುತು ಸಿಕ್ಕದೆ ಹೋಗುತ್ತದೆ. ಅರ್ಥ ಮೊದಲೇ ಮನಸ್ಸಿನಲ್ಲಿದ್ದರೆ ಹೆಸರು ಒಂದು ತಿಂಗಳ ಕೆಲಸ. ಹೆಸರು ಮಾತ್ರ ಇದ್ದವನಿಗೆ ಅರ್ಥ ಬಹಳ ದೂರ. ಉಪಾಧ್ಯಾಯರು ಒಂಬತ್ತನೆಯ ತರಗತಿಯಿಂದಲೇ ಎರಡೂ ಹೆಸರುಗಳನ್ನು ಹಲಗೆಯ ಮೇಲೆ ಬರೆಯುವುದಾದರೆ ಈ ಕಷ್ಟದ ಅರ್ಧ ಕಡಮೆಯಾಗುತ್ತದೆ. ಕರ್ನಾಟಕದಲ್ಲಿ ಸೀಟು ಬಯಸುವ ನಮ್ಮವರಿಗೆ, ಎಂದರೆ ಕಾಸರಗೋಡು, ಹೊಸದುರ್ಗ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜಗಳವರಿಗೆ, ಗಡಿನಾಡ ಕನ್ನಡಿಗರೆಂದು ಅರ್ಜಿ ಹಾಕುವ ಅವಕಾಶವಿದೆ; 50 ಅಂಕದ ಕನ್ನಡ ಪರೀಕ್ಷೆಯಲ್ಲಿ 12 ಅಂಕ ಬಂದರೆ ಸಾಕು. ಹನ್ನೆರಡು! ಆ ಮಟ್ಟಕ್ಕೆ ತೃಪ್ತರಾಗಿ ಕನ್ನಡವನ್ನು ಕೈಬಿಡುವವರನ್ನು ಕಂಡಿದ್ದೇವೆ. ಅವರಿಗೆ ನಾವು ಹೇಳುವುದು ಭಾಷಾಭಿಮಾನದ ಮಾತಲ್ಲ, ವೃತ್ತಿಯ ಮಾತು. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯಿದೆ. ಅದನ್ನು ತೆಗೆದುಕೊಳ್ಳಬೇಕಾದುದು ವಾರಕ್ಕೊಮ್ಮೆ. ದಿನಕ್ಕೊಮ್ಮೆ ತೆಗೆದುಕೊಂಡು ಸತ್ತವರುಂಟು. ವೈದ್ಯರು ಮಲಯಾಳದಲ್ಲಿ ಮಾತಾಡಿದರು, ಚೀಟಿ ಇಂಗ್ಲಿಷಿನಲ್ಲಿದೆ, ಅಜ್ಜಿಗೆ ತಿಳಿಯುವುದು ತುಳುವೋ ಕನ್ನಡವೋ ಮಾತ್ರ. ಆ ಗಳಿಗೆಯಲ್ಲಿ ಅಂಗಡಿಯಲ್ಲಿ ನಿಂತವನು, "ಅಜ್ಜೀ, ಇದು ಸೋಮವಾರ ಒಂದೇ ದಿನ, ಬೇರೆ ದಿನ ಮುಟ್ಟಬಾರದು" ಎಂದು ಅವಳ ಮಾತಿನಲ್ಲಿ ಹೇಳಿ, ಅವಳಿಂದಲೇ ಮತ್ತೊಮ್ಮೆ ಹೇಳಿಸಿದರೆ ಅವನ ನಾಲ್ಕು ವರ್ಷದ ವಿದ್ಯೆ ಅಲ್ಲಿ ಪೂರ್ತಿಯಾಗುತ್ತದೆ. ಮೂರು ನಾಲ್ಕು ಭಾಷೆಗಳ ನಡುವೆ ಬೆಳೆದುದನ್ನು ನಮ್ಮ ಮಕ್ಕಳು ಕೊರತೆಯೆಂದು ತಿಳಿಯುತ್ತಾರೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಇಲ್ಲಿ ಅಕ್ಷರಶಃ ಒಪ್ಪುತ್ತದೆ.

ಕೊನೆಯದಾಗಿ ಒಂದು ಅಹಿತಕರ ವಿಷಯ. ಔಷಧದಂಗಡಿಗೆ ಲೈಸೆನ್ಸು ಬೇಕಾದರೆ ನೋಂದಾಯಿತ ಔಷಧಜ್ಞನೊಬ್ಬನಿರಬೇಕೆಂಬುದು ಕಾನೂನು. ಕೆಲವೆಡೆ ಅವನ ಸರ್ಟಿಫಿಕೇಟು ಗೋಡೆಯ ಮೇಲಿರುತ್ತದೆ, ಅವನು ಮಾತ್ರ ಅಲ್ಲಿರುವುದಿಲ್ಲ. ಕಾಗದಕ್ಕೆ ತಿಂಗಳ ಬಾಡಿಗೆ ಬರುತ್ತದೆ. "ಮಗಳು ಓದಿಕೊಳ್ಳಲಿ, ಮದುವೆಯಾದ ಮೇಲೆ ಮನೆಯಲ್ಲೇ ಕುಳಿತರೂ ಸರ್ಟಿಫಿಕೇಟಿನಿಂದ ಒಂದಿಷ್ಟು ಬರುತ್ತದೆ" ಎಂದು ಕೋರ್ಸಿಗೆ ಸೇರುವ ಮುಂಚೆಯೇ ಲೆಕ್ಕ ಹಾಕುವ ಬಂಧುಗಳೂ ಇದ್ದಾರೆ. ಅವರನ್ನು ದುಷ್ಟರೆನ್ನಲಾರೆವು. ಕಾಲೇಜಿನ ಶುಲ್ಕಕ್ಕೆ ತೋಟವನ್ನು ಅಡವಿಟ್ಟವರಿಗೆ ಪ್ರತಿ ರೂಪಾಯಿಯೂ ಕಾಣಿಸುತ್ತದೆ. ಆದರೂ ಇದಕ್ಕೆ ಒಪ್ಪಲಾಗದು. ಅಡಕೆಯ ಅಂಗಡಿಯನ್ನು ಬಾಡಿಗೆಗೆ ಕೊಟ್ಟರೆ ಕೊಡುವುದು ಗೋಡೆ, ಮಾಡುಗಳನ್ನು. ಇಲ್ಲಿ ಬಾಡಿಗೆಗೆ ಕೊಟ್ಟದ್ದು 'ನಾನು ನೋಡಿದ್ದೇನೆ' ಎಂಬ ಸಾಕ್ಷ್ಯವನ್ನು, ನೋಡದೆಯೇ. ರೋಗಿ ಆ ಚೌಕಟ್ಟನ್ನು ಕಂಡು ನಂಬುತ್ತಾನೆ. ಪೀಪಾಯಿಯ ಚೀಟಿಗೂ ಈ ಚೌಕಟ್ಟಿಗೂ ನಮಗೆ ವ್ಯತ್ಯಾಸ ಕಾಣದು. ಉಳಿಕೆಯಾಗಿ ಬಂದ ವಿದ್ಯೆ ಕಡೆಯವರೆಗೂ ಉಳಿಕೆಯಾಗಿಯೇ ಇರುವುದು ಇಂಥಲ್ಲಿ. ವೈದ್ಯಪರೀಕ್ಷೆಯಲ್ಲಿ ಸೋತು ಬಂದವನಲ್ಲಿ ಅಲ್ಲ. ಸೋತು ಬಂದವರಲ್ಲಿ ಎಷ್ಟೋ ಮಂದಿ ಎರಡನೆಯ ವರ್ಷದ ಹೊತ್ತಿಗೆ ಪ್ರಯೋಗಶಾಲೆಯಿಂದ ಹೊರಡಲೊಲ್ಲದವರಾಗುತ್ತಾರೆ.

ಹಾಗೆಂದ ಮಾತ್ರಕ್ಕೆ ಎಲ್ಲರೂ ಇದಕ್ಕೆ ಸೇರಬೇಕೆಂದು ನಾವು ಹೇಳುತ್ತಿಲ್ಲ. ವಿದ್ಯಾರ್ಥಿಯೊಬ್ಬ ಬಂದು 'ಸೇರಲೇ?' ಎಂದು ಕೇಳಿದರೆ ಉಪಾಧ್ಯಾಯರು ಹೌದು, ಅಲ್ಲ ಎನ್ನುವ ಮೊದಲು ಒಂದು ಕೆಲಸ ಕೊಡಬಹುದು. ಕಾಲೇಜುಗಳ ಪಟ್ಟಿಗೆ ಗುರುತು ಹಾಕುವ ಕಡೆಯ ದಿನಕ್ಕೆ ಮುಂಚೆ, ಪರಿಚಯದ ಮದ್ದಿನಂಗಡಿಯೊಂದರಲ್ಲಿ, ಯಜಮಾನರ ಅಪ್ಪಣೆ ಪಡೆದು, ಸಂಜೆ ಎರಡು ಗಂಟೆ ಹೊತ್ತು ಅವನು ಸುಮ್ಮನೆ ನಿಂತು ನೋಡಲಿ. ಚೀಟಿಯಿಲ್ಲದೆ ಬಂದವರೆಷ್ಟು, ಅವರಲ್ಲಿ ಬರಿಗೈಯಲ್ಲಿ ಹಿಂದಿರುಗಿದವರೆಷ್ಟು, ತಿನ್ನುವ ಹೊತ್ತನ್ನು ಕೇಳಿ ತಿಳಿದುಕೊಂಡವರೆಷ್ಟು, ಮಾತ್ರೆ ಕತ್ತರಿಸಿ ಕೊಡುವವನು ತಲೆಯೆತ್ತಿ ರೋಗಿಯ ಮುಖ ನೋಡಿದ್ದು ಎಷ್ಟು ಸಲ ಎಂದು ಎಣಿಸಿ ಬರೆದುಕೊಂಡು ಮರುದಿನ ಶಾಲೆಗೆ ಬರಲಿ. ಆಮೇಲೆ ಅವನೊಡನೆ ಮಾತಾಡೋಣ.